ಆಂದೊಂಗ್‌ನಲ್ಲಿ ಟೀಚರ್ ಕೆಲಸ: ಊರಿನವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯ ಹೈಸ್ಕೂಲೊಂದರಲ್ಲಿ ಆರು ವರ್ಷ ಇಂಗ್ಲಿಷ್ ಕಲಿಸಿ ಆಮೇಲೆ ದಕ್ಷಿಣ ಕೊರಿಯಾಕ್ಕೆ ಬಂದವಳು ನಾನು. ಆಂದೊಂಗ್ ಎಂಬ ಊರಿನಲ್ಲಿ ಈಗ ಮೂರನೇ ವರ್ಷ. ಬಿ.ಎಡ್ ಗೆಳತಿಯರು, ಅವರ ತಮ್ಮಂದಿರು, ಗುರುತೇ ಇಲ್ಲದವರು ಕೂಡ ಮೆಸೇಜ್ ಮಾಡಿ ಕೇಳುತ್ತಾರೆ. ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಒಬ್ಬೊಬ್ಬರಿಗೆ ತುಂಡು ತುಂಡಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೆಡೆ ಬರೆದಿಟ್ಟಿದ್ದೇನೆ.

ಆಂದೊಂಗ್ ಎಲ್ಲಿದೆ? ಎಷ್ಟು ದೊಡ್ಡ ಊರು?

ಕೊರಿಯಾದ ಆಗ್ನೇಯ ಭಾಗದ ಒಳನಾಡಿನಲ್ಲಿದೆ, ಉತ್ತರ ಗ್ಯೊಂಗ್‌ಸಾಂಗ್ ಪ್ರಾಂತದಲ್ಲಿ, ನಾಕ್‌ದೊಂಗ್ ನದಿಯ ದಂಡೆಯ ಮೇಲೆ. ಜನಸಂಖ್ಯೆ ಸುಮಾರು ಒಂದೂವರೆ ಲಕ್ಷ. ವಿಸ್ತೀರ್ಣ ನೋಡಿದರೆ ಮಾತ್ರ ಇದು ರಾಜಧಾನಿ ಸೋಲ್ ನಗರದ ಎರಡೂವರೆ ಪಟ್ಟು, 1,500 ಚದರ ಕಿಲೋಮೀಟರಿಗೂ ಹೆಚ್ಚು. ಪೇಟೆ ಅನ್ನುವುದು ನಡುವಿನ ಒಂದು ತುಣುಕಷ್ಟೇ. ಉಳಿದದ್ದೆಲ್ಲ ಗುಡ್ಡ, ಸೇಬಿನ ತೋಟ, ಗದ್ದೆ, ಅಲ್ಲೊಂದು ಇಲ್ಲೊಂದು ಹಳ್ಳಿ. 2016ರಲ್ಲಿ ಪ್ರಾಂತ ಸರ್ಕಾರದ ಕಚೇರಿ ದೇಗು ನಗರದಿಂದ ಇಲ್ಲಿಗೆ ಬಂತು, ಅದರ ಸುತ್ತ ಹೊಸ ಬಡಾವಣೆ ಎದ್ದಿದೆ.

ಸೋಲ್‌ನ ಚೊಂಗ್‌ನ್ಯಾಂಗ್ನಿ ನಿಲ್ದಾಣದಿಂದ ವೇಗದ ರೈಲು ಹತ್ತಿದರೆ ಸುಮಾರು ಎರಡು ತಾಸು. 2024ರ ಡಿಸೆಂಬರಿನಿಂದ ಅದೇ ಹಳಿ ಬೂಸಾನ್‌ವರೆಗೂ ಹೋಗುತ್ತದೆ. ರೈಲು ನಿಲ್ದಾಣ ಮತ್ತು ಬಸ್ ನಿಲ್ದಾಣ ಅಕ್ಕಪಕ್ಕದಲ್ಲಿವೆ, ಆದರೆ ಎರಡೂ ಹಳೇ ಪೇಟೆಯಿಂದ ದೂರ. ಮೊದಲ ದಿನ ದೊಡ್ಡ ಸೂಟ್‌ಕೇಸ್ ಇದ್ದರೆ ಟ್ಯಾಕ್ಸಿ ಹಿಡಿಯಿರಿ.

ಭಾರತೀಯರಿಗೆ ಇಂಗ್ಲಿಷ್ ಕಲಿಸಲು ವೀಸಾ ಕೊಡುತ್ತಾರೆಯೇ? ಕೊಡುವುದಿಲ್ಲ ಎಂದು ಕೇಳಿದ್ದೇವೆ.

ಅರ್ಧ ಸತ್ಯ. ಭಾಷಾ ಶಿಕ್ಷಕರ ವೀಸಾಕ್ಕೆ ಇ-2 ಎನ್ನುತ್ತಾರೆ. ಇಂಗ್ಲಿಷಿಗೆ ಅದು ಸಾಮಾನ್ಯವಾಗಿ ಸಿಗುವುದು ಏಳು ದೇಶಗಳವರಿಗೆ: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ನಮಗೆ ಬಾಗಿಲು ತೆರೆದದ್ದು ಭಾರತ ಮತ್ತು ಕೊರಿಯಾ ನಡುವಿನ ಸಮಗ್ರ ಆರ್ಥಿಕ ಪಾಲುದಾರಿಕೆ ಒಪ್ಪಂದ. 2009ರ ಆಗಸ್ಟಿನಲ್ಲಿ ಸಹಿಯಾಗಿ 2010ರ ಜನವರಿ 1ರಿಂದ ಜಾರಿಯಲ್ಲಿದೆ. ಪದವಿಯ ಜೊತೆಗೆ ಇಂಗ್ಲಿಷ್ ಬೋಧನೆಯ ಶಿಕ್ಷಕ ಅರ್ಹತೆಯೂ ಇದ್ದ ಭಾರತೀಯರು ಈ ಒಪ್ಪಂದದಡಿ ಶಾಲೆಗಳಲ್ಲಿ ಸಹಾಯಕ ಶಿಕ್ಷಕರಾಗಬಹುದು. ಬಿ.ಎಡ್ ಇಲ್ಲದೆ ಬರೀ ಎಂ.ಎ ಇಟ್ಟುಕೊಂಡು ಈ ದಾರಿಯಲ್ಲಿ ಬರಲಾಗದು.

ಹಾಗ್‌ವೊನ್ ಎಂಬ ಖಾಸಗಿ ಟ್ಯೂಷನ್ ಕೇಂದ್ರಗಳಿಗೆ ಈ ಒಪ್ಪಂದ ಅನ್ವಯಿಸುವುದಿಲ್ಲ. "ಹಾಗ್‌ವೊನ್ ಕೆಲಸ ಕೊಡಿಸುತ್ತೇನೆ, ಪ್ರವಾಸಿ ವೀಸಾದಲ್ಲಿ ಬನ್ನಿ, ಆಮೇಲೆ ಬದಲಿಸೋಣ" ಎಂದು ಯಾರಾದರೂ ಹೇಳಿದರೆ ಆ ಫೋನ್ ಅಲ್ಲಿಗೇ ಇಡಿ. ಸಿಕ್ಕಿಬಿದ್ದರೆ ದಂಡ, ಗಡೀಪಾರು, ಮತ್ತೆ ಒಳಗೆ ಬರಲು ನಿಷೇಧ. ಆ ಏಜೆಂಟ್‌ಗೆ ಏನೂ ಆಗುವುದಿಲ್ಲ.

ಪಿಎಚ್‌.ಡಿ ಆದವರಿಗೆ ವಿಶ್ವವಿದ್ಯಾಲಯಗಳ ಇ-1 ವೀಸಾ ಇದೆ. ಅದಕ್ಕೆ ಏಳು ದೇಶಗಳ ಕಟ್ಟುಪಾಡಿಲ್ಲ.

ಕಾಗದಪತ್ರಕ್ಕೆ ಎಷ್ಟು ದಿನ ಹಿಡಿಯುತ್ತದೆ?

ನನಗೆ ನಾಲ್ಕು ತಿಂಗಳು ಬೇಕಾಯಿತು. ಪದವಿ ಪ್ರಮಾಣಪತ್ರಕ್ಕೂ ಪಾಸ್‌ಪೋರ್ಟ್ ಕಚೇರಿಯಿಂದ ಪಡೆಯುವ ಪೊಲೀಸ್ ಕ್ಲಿಯರೆನ್ಸ್‌ಗೂ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ (ದಾಖಲೆ ಅಸಲಿ ಎಂದು ಹೊರದೇಶಕ್ಕೆ ದೃಢಪಡಿಸುವ ಮುದ್ರೆ) ಬೇಕು. ಪೊಲೀಸ್ ಕ್ಲಿಯರೆನ್ಸನ್ನು ತೀರ ಮುಂಚೆ ಮಾಡಿಸಿದರೆ ವೀಸಾ ಹೊತ್ತಿಗೆ ಅವಧಿ ಮುಗಿದಿರುತ್ತದೆ. ಪದವಿಯದ್ದನ್ನು ಮೊದಲು ಮಾಡಿಸಿ, ಪೊಲೀಸರದ್ದನ್ನು ಕೊನೆಗೆ. ಎಲ್ಲ ದಾಖಲೆಗಳಲ್ಲೂ ನಿಮ್ಮ ಹೆಸರಿನ ಕಾಗುಣಿತ ಒಂದೇ ಇದೆಯೇ ನೋಡಿಕೊಳ್ಳಿ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್ ಮುಂದೆ, ಪಾಸ್‌ಪೋರ್ಟ್‌ನಲ್ಲಿ ತಂದೆಯ ಹೆಸರು ಹಿಂದೆ ಇರುತ್ತದಲ್ಲ, ಕೊರಿಯಾದ ಗುಮಾಸ್ತರಿಗೆ ಅವರಿಬ್ಬರೂ ಬೇರೆ ಬೇರೆ ವ್ಯಕ್ತಿಗಳು.

ಇಲ್ಲಿಗೆ ಬಂದ ಮೇಲೆ ವೈದ್ಯಕೀಯ ತಪಾಸಣೆ ಇದೆ, ಮಾದಕವಸ್ತು ಮತ್ತು ಕ್ಷಯ ಪರೀಕ್ಷೆ ಸೇರಿ. 90 ದಿನದೊಳಗೆ ವಿದೇಶಿ ನೋಂದಣಿ ಮಾಡಿಸಬೇಕು. ಆ ಕಾರ್ಡ್ ಕೈಗೆ ಬರುವ ತನಕ ಸ್ವಂತ ಹೆಸರಿನಲ್ಲಿ ಫೋನ್, ಆನ್‌ಲೈನ್ ಖರೀದಿ, ಬ್ಯಾಂಕ್ ಆ್ಯಪ್ ಎಲ್ಲವೂ ಕಷ್ಟ. ಮೊದಲ ಐದಾರು ವಾರಕ್ಕೆ ಸಾಕಾಗುವಷ್ಟು ನಗದು ತನ್ನಿ.

ಸಂಬಳ ಎಷ್ಟು? ಉಳಿಯುತ್ತದೆಯೇ?

ಸರ್ಕಾರಿ ಶಾಲೆಯಲ್ಲಿ ತಿಂಗಳಿಗೆ 20 ಲಕ್ಷ ವೊನ್‌ಗಿಂತ ಮೇಲೆ ಶುರುವಾಗುತ್ತದೆ. ಅರ್ಹತೆ, ಅನುಭವ ಸೇರಿದ ಹಾಗೆ ಏರುತ್ತದೆ. ಸಾವಿರ ವೊನ್ ಎಂದರೆ ನಮ್ಮ ಅರವತ್ತು ರೂಪಾಯಿಯ ಆಸುಪಾಸು. ಮನೆ ಶಾಲೆಯವರೇ ಕೊಡುತ್ತಾರೆ, ಇಲ್ಲವೇ ಬಾಡಿಗೆ ಭತ್ಯೆ ಸಿಗುತ್ತದೆ. ಹಳ್ಳಿ ಶಾಲೆಗೆ ಹೋದರೆ, ಒಂದಕ್ಕಿಂತ ಹೆಚ್ಚು ಶಾಲೆ ಹಂಚಿಕೊಂಡರೆ ಪ್ರತ್ಯೇಕ ಭತ್ಯೆ ಇದೆ. ಸಣ್ಣ ಊರಿನಲ್ಲಿ ಖರ್ಚಿಗೆ ಪುಸಲಾಯಿಸುವ ಜಾಗಗಳೇ ಕಡಿಮೆ. ಸಂಬಳದ ಅರ್ಧಕ್ಕಿಂತ ಹೆಚ್ಚನ್ನು ಪ್ರತಿ ತಿಂಗಳೂ ಮನೆಗೆ ಕಳಿಸುತ್ತೇನೆ. ಹಣ್ಣು ಮಾತ್ರ ತುಟ್ಟಿ. ಸೇಬಿನ ಸೀಮೆಯಲ್ಲಿದ್ದುಕೊಂಡೂ ಸೇಬನ್ನು ಎಣಿಸಿ ಕೊಳ್ಳುತ್ತೇನೆ.

ಶಾಲೆಯ ದಿನ ಹೇಗಿರುತ್ತದೆ?

ಬೆಳಿಗ್ಗೆ ಎಂಟೂವರೆಯ ಸುಮಾರಿಗೆ ಒಳಗಿರಬೇಕು, ಎಂಟು ತಾಸಿನ ಕೆಲಸ. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗಿನ ಚಪ್ಪಲಿ ಹಾಕಿಕೊಳ್ಳುತ್ತೀರಿ. ವಾರಕ್ಕೆ ಹೆಚ್ಚೆಂದರೆ 22 ಪಾಠ. ಪ್ರಾಥಮಿಕ ಶಾಲೆಯ ಪಾಠ 40 ನಿಮಿಷ, ಮಾಧ್ಯಮಿಕದ್ದು 45, ಹೈಸ್ಕೂಲಿನದ್ದು 50. ತರಗತಿಯಲ್ಲಿ ನಿಮ್ಮ ಜೊತೆ ಕೊರಿಯನ್ ಸಹಶಿಕ್ಷಕಿ ಇರುತ್ತಾರೆ. ಮಕ್ಕಳು ಟೀಚರ್ ಅನ್ನುವುದಕ್ಕೆ "ಸೊನ್‌ಸೆಂಗ್‌ನಿಮ್" ಎನ್ನುತ್ತಾರೆ. ಸಲಿಗೆ ಬೆಳೆದ ಮೇಲೆ ಅದು "ಸ್ಸೆಮ್" ಆಗುತ್ತದೆ. ಆ ಮಾತು ನಿಮ್ಮ ಕಿವಿಗೆ ಬಿದ್ದ ದಿನ ನೀವು ಶಾಲೆಯವರಾದಿರಿ ಎಂದು ತಿಳಿಯಿರಿ.

ಸಹಶಿಕ್ಷಕಿಯ ವಿಷಯ ಸ್ವಲ್ಪ ಹೆಚ್ಚೇ ಹೇಳಬೇಕು. ದೊಡ್ಡ ನಗರದಲ್ಲಾದರೆ ಇಂಗ್ಲಿಷ್ ಬಲ್ಲ ಬ್ಯಾಂಕ್, ಇಂಗ್ಲಿಷ್ ಬಲ್ಲ ಕ್ಲಿನಿಕ್ ಹುಡುಕಿಕೊಳ್ಳಬಹುದು. ಇಲ್ಲಿ ಆ ಎಲ್ಲ ಕೆಲಸವೂ ಒಬ್ಬಳೇ ಒಬ್ಬಳ ಮೇಲೆ ಬೀಳುತ್ತದೆ: ನಿಮ್ಮ ಬ್ಯಾಂಕ್ ಖಾತೆ, ಬಾಯ್ಲರ್ ರಿಪೇರಿ, ಹಲ್ಲುನೋವು, ಪಾರ್ಸೆಲ್. ಅವಳಿಗೆ ಇದಕ್ಕಾಗಿ ಪಾಠದ ಹೊರೆಯೇನೂ ಇಳಿಯುವುದಿಲ್ಲ, ಮನೆಯಲ್ಲಿ ಅವಳಿಗೂ ಮಕ್ಕಳಿವೆ. ವಿದೇಶಿ ಶಿಕ್ಷಕರು "ನನ್ನ ಸಹಶಿಕ್ಷಕಿ ಸಿಡುಕುತ್ತಾಳೆ" ಎಂದು ದೂರುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಕೇಳಿದಾಗಲೆಲ್ಲ ಆ ಸಹಶಿಕ್ಷಕಿಯ ದಣಿವೇ ಕಣ್ಣ ಮುಂದೆ ಬರುತ್ತದೆ. ಮೊದಲ ತಿಂಗಳು ನೆರವು ಪಡೆಯಿರಿ, ಎರಡನೇ ತಿಂಗಳಿಂದ ಒಂದೊಂದೇ ಕೆಲಸ ನೀವೇ ಮಾಡಲು ಕಲಿಯಿರಿ. 1345 ಎಂಬ ವಿದೇಶಿಯರ ಸಹಾಯವಾಣಿ ಇದೆ, ಹಲವು ಭಾಷೆಗಳಲ್ಲಿ ಮಾತಾಡುತ್ತಾರೆ. ವೀಸಾ ಪ್ರಶ್ನೆಗಳನ್ನು ಅಲ್ಲಿ ಕೇಳಿ.

ಶಾಲೆಯ ವರ್ಷ ಮಾರ್ಚ್‌ನಲ್ಲಿ ಆರಂಭ. ಮಕ್ಕಳಿಗೆ ರಜೆ ಇದ್ದರೂ ನಿಮಗೆ ಹಲವು ದಿನ ರಜೆ ಇರುವುದಿಲ್ಲ. ಖಾಲಿ ಶಾಲೆಯಲ್ಲಿ ಮೇಜಿನ ಮುಂದೆ ಕೂರಬೇಕು. ನಾನು ಕೊರಿಯನ್ ಓದಲು ಕಲಿತದ್ದು ಆ ದಿನಗಳಲ್ಲೇ.

ಸಣ್ಣ ಊರಿನ ಶಾಲೆಗಳಲ್ಲಿ ಮಕ್ಕಳೇ ಇಲ್ಲವಂತೆ, ನಿಜವೇ?

ನಿಜ. ಇದು ನನ್ನನ್ನು ತುಂಬ ಕಾಡುವ ವಿಷಯ.

2023ರಲ್ಲಿ ಕೊರಿಯಾದ ಫಲವತ್ತತೆ ದರ 0.72ಕ್ಕೆ ಇಳಿಯಿತು. ಹೆಂಗಸೊಬ್ಬಳಿಗೆ ಸರಾಸರಿ ಒಂದು ಮಗುವೂ ಇಲ್ಲ ಎಂದರ್ಥ. ಹುಟ್ಟಿದ ಮಕ್ಕಳೂ ಓದಿಗೆ, ಕೆಲಸಕ್ಕೆ ಸೋಲ್ ಕಡೆ ಹೋಗುತ್ತಾರೆ. 2021ರಲ್ಲಿ ಸರ್ಕಾರ ಜನಸಂಖ್ಯೆ ಕುಸಿಯುತ್ತಿರುವ 89 ಪ್ರದೇಶಗಳನ್ನು ಗುರುತಿಸಿತು, ಅದರಲ್ಲಿ ಆಂದೊಂಗ್ ಕೂಡ ಇದೆ.

ಅಂಕಿ ಹಾಗಿರಲಿ. ನಾನು ವಾರಕ್ಕೆ ಮೂರು ದಿನ ಪೇಟೆಯ ಶಾಲೆಗೆ, ಎರಡು ದಿನ ಮ್ಯೊನ್ ಶಾಲೆಗೆ ಹೋಗುತ್ತೇನೆ. ಮ್ಯೊನ್ ಅಂದರೆ ನಮ್ಮ ಹೋಬಳಿ ಇದ್ದ ಹಾಗೆ. ಆ ಹಳ್ಳಿ ಶಾಲೆಯ ಮೂರನೇ ತರಗತಿಯಲ್ಲಿ ಇಬ್ಬರು, ಐದನೇ ತರಗತಿಯಲ್ಲಿ ಮೂವರು, ನಾಲ್ಕನೇ ತರಗತಿಯೇ ಇಲ್ಲ. ಕಟ್ಟಡ ಮಾತ್ರ ಮುನ್ನೂರು ಮಕ್ಕಳಿಗೆ ಕಟ್ಟಿಸಿದ್ದು. ಕಾರಿಡಾರಿನಲ್ಲಿ ಹಳೆಯ ವರ್ಷಗಳ ಫೋಟೊ ತೂಗುಹಾಕಿದ್ದಾರೆ, ಒಂದೊಂದು ಸಾಲಿನಲ್ಲೂ ಮಕ್ಕಳು ಒತ್ತೊತ್ತಾಗಿ ನಿಂತಿದ್ದಾರೆ. ಹುಬ್ಬಳ್ಳಿಯಲ್ಲಿ ಒಂದು ಸೆಕ್ಷನ್‌ಗೆ 62 ಮಕ್ಕಳಿಗೆ ಕಲಿಸಿದವಳು ನಾನು. ಇಬ್ಬರೇ ಮಕ್ಕಳ ಮುಂದೆ ನಿಂತ ಮೊದಲ ದಿನ ನನ್ನ ದನಿ ನನಗೇ ಜೋರೆನಿಸಿತು.

ಇಬ್ಬರಿಗೆ ಕಲಿಸುವುದು ಸುಲಭ ಅಂದುಕೊಳ್ಳಬೇಡಿ. ಗುಂಪು ಮಾಡಿ ಆಡಿಸುವ ಆಟ ನಡೆಯುವುದಿಲ್ಲ, ಒಬ್ಬನಿಗೆ ಜ್ವರ ಬಂದರೆ ಸಂಭಾಷಣೆಯ ಪಾಠವೇ ಇಲ್ಲ. ಆದರೆ ಆ ಮಗು ಯಾವ ಪದದ ಹತ್ತಿರ ತಡವರಿಸುತ್ತದೆ, ಯಾವ ದಿನ ಅಜ್ಜಿಯ ಜೊತೆ ಜಗಳವಾಡಿ ಬಂದಿದೆ, ಎಲ್ಲವೂ ತಿಳಿಯುತ್ತದೆ. ಹಳ್ಳಿಯ ಮಕ್ಕಳಲ್ಲಿ ಕೆಲವರ ತಾಯಂದಿರು ವಿಯೆಟ್ನಾಮಿನಿಂದ ಮದುವೆಯಾಗಿ ಬಂದವರು. ಮನೆಯಲ್ಲಿ ಎರಡು ಭಾಷೆ ಕೇಳುತ್ತ ಬೆಳೆದ ಆ ಮಕ್ಕಳ ಕಿವಿ ಚುರುಕು. ನಾನು ಮೂರು ಭಾಷೆಯಲ್ಲಿ ಬೆಳೆದವಳು ಎಂದು ಹೇಳಿದಾಗ ಒಬ್ಬ ಹುಡುಗಿ ತನ್ನ ತಾಯಿಯ ಭಾಷೆಯಲ್ಲಿ ಹತ್ತರವರೆಗೆ ಎಣಿಸಿ ತೋರಿಸಿದಳು. ಅದುವರೆಗೆ ತರಗತಿಯಲ್ಲಿ ಅವಳು ಅದನ್ನು ಯಾರಿಗೂ ಕೇಳಿಸಿರಲಿಲ್ಲ.

ನಾನು ಸಸ್ಯಾಹಾರಿ. ಬದುಕಬಹುದೇ?

ಬದುಕಬಹುದು, ಅಡುಗೆ ಮಾಡಲು ಬಂದರೆ. ಬರೀ ಹೋಟೆಲ್ ನಂಬಿದರೆ ಇಲ್ಲ.

"ಗೋಗಿ ಪೆಗೊ ಜುಸೆಯೊ", ಅಂದರೆ ಮಾಂಸ ತೆಗೆದು ಕೊಡಿ, ಎಂಬ ವಾಕ್ಯ ಎಲ್ಲರೂ ಕಲಿಸುತ್ತಾರೆ. ಅದು ಸಾಲದು. ಇಲ್ಲಿ ಗೋಗಿ ಎಂದರೆ ಕಣ್ಣಿಗೆ ಕಾಣುವ ಮಾಂಸದ ತುಂಡು. ಹ್ಯಾಮ್, ಸೀಗಡಿ, ಮೀನಿನ ಸಾರು ಇವು ಬಹಳ ಜನರ ಲೆಕ್ಕದಲ್ಲಿ ಅದರೊಳಗೆ ಬರುವುದಿಲ್ಲ. ಹುದುಗಿಸಿದ ತರಕಾರಿಯ ಕಿಮ್ಚಿಯಲ್ಲಿ ಸಾಮಾನ್ಯವಾಗಿ ಉಪ್ಪು ಸೀಗಡಿ ಇಲ್ಲವೇ ಮೀನಿನ ರಸ ಇರುತ್ತದೆ. ತರಕಾರಿ ಬೆರೆಸಿ ಕಲಸಿ ತಿನ್ನುವ ಅನ್ನ ಬಿಬಿಂಬಾಪ್‌ನ ಮೇಲೆ ಹಾಕುವ ಮೆಣಸಿನ ಗೊಜ್ಜನ್ನು ಕೆಲವು ಕಡೆ ದನದ ಮಾಂಸದ ಜೊತೆ ಹುರಿದಿರುತ್ತಾರೆ. ಇದರಲ್ಲಿ ಮೋಸವಿಲ್ಲ, ಸಸ್ಯಾಹಾರ ಎನ್ನುವ ಕಲ್ಪನೆಯೇ ಇಲ್ಲಿ ಬೇರೆ. ಬೌದ್ಧ ಮಠಗಳ ಅಡುಗೆಯಲ್ಲಿ ಮಾತ್ರ ಮೀನು, ಮಾಂಸ ಎರಡೂ ಇಲ್ಲ. ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. "ಬೌದ್ಧ ಭಿಕ್ಷುಗಳ ಹಾಗೆ ಊಟ ಮಾಡುತ್ತೇನೆ" ಎಂದರೆ ಹಿರಿಯ ಅಡುಗೆಯವರಿಗೆ ತಟ್ಟನೆ ಅರ್ಥವಾಗುತ್ತದೆ.

ಶಾಲೆಯ ಊಟದಲ್ಲಿ ಒಂದು ಅನುಕೂಲವಿದೆ. ತಿಂಗಳ ಊಟದ ಪಟ್ಟಿಯಲ್ಲಿ ಪ್ರತಿ ಪದಾರ್ಥದ ಪಕ್ಕ ಸಣ್ಣ ಅಂಕಿಗಳಿರುತ್ತವೆ. ಅಲರ್ಜಿಯವರಿಗಾಗಿ 1ರಿಂದ 19ರವರೆಗಿನ ಈ ಸಂಖ್ಯೆಗಳು ದೇಶಕ್ಕೆಲ್ಲ ಒಂದೇ. ಇವನ್ನು ಬರೆದಿಟ್ಟುಕೊಳ್ಳಿ: 1 ಮೊಟ್ಟೆ, 7 ಬಂಗುಡೆ ಜಾತಿಯ ಮೀನು, 8 ಏಡಿ, 9 ಸೀಗಡಿ, 10 ಹಂದಿ, 15 ಕೋಳಿ, 16 ದನ, 17 ಸ್ಕ್ವಿಡ್, 18 ಚಿಪ್ಪುಜೀವಿಗಳು. ಇವಿಲ್ಲದ ಸಾಲು ಹುಡುಕಿದರೆ ದಿನಕ್ಕೆ ಎರಡು ಪದಾರ್ಥ ಸಿಗುತ್ತದೆ. ಒಂದು ಎಚ್ಚರ: ಸಾರಿಗೆ ಹಾಕುವ ಒಣ ಬೂತಾಯಿಯಂಥ ಸಣ್ಣ ಮೀನಿಗೆ ಈ ಪಟ್ಟಿಯಲ್ಲಿ ಅಂಕಿಯೇ ಇಲ್ಲ. ಸಾರಿನ ಬಗ್ಗೆ ಅಡುಗೆ ಮನೆಯಲ್ಲೇ ಕೇಳಬೇಕು.

ಮನೆಯ ಅಡುಗೆಗೆ ತೊಗರಿಬೇಳೆ, ಸಾಸಿವೆ, ಇಂಗು ಆನ್‌ಲೈನಿನಲ್ಲಿ ಸಿಗುತ್ತವೆ. ಅದಕ್ಕಿಂತ ನನಗೆ ಖುಷಿ ಕೊಟ್ಟದ್ದು ಸಂತೆಯ ಧಾನ್ಯದ ಅಂಗಡಿ. ಕೊರಿಯನ್ನರು ಅನ್ನಕ್ಕೆ ಬೆರೆಸುವ "ಜೊ" ಎಂದರೆ ನಮ್ಮ ನವಣೆ, "ಸುಸು" ಎಂದರೆ ಜೋಳ. ಮೊದಲ ಸಲ ಸುಸುವನ್ನು ಮುಟ್ಟಿ ನೋಡಿದಾಗ ನನ್ನ ಅವ್ವನ ಬೀಸುವ ಕಲ್ಲು ಎದುರಿಗೆ ಬಂತು. ಆದರೆ ಇಲ್ಲಿ ಹೆಚ್ಚಾಗಿ ಸಿಗುವುದು ಅಂಟು ಜಾತಿಯ ಜೋಳ. ಅದರ ಹಿಟ್ಟಿನಲ್ಲಿ ರೊಟ್ಟಿ ಬಡಿಯಲು ಹೋದರೆ ಕೈಗೆ ಮೆತ್ತಿಕೊಳ್ಳುತ್ತದೆ. ಗೋಧಿ ಹಿಟ್ಟು ಬೆರೆಸಿ ಲಟ್ಟಿಸಿದರೆ ರುಚಿ ಹತ್ತಿರ ಬರುತ್ತದೆ. ಬೇಸಿಗೆಯಲ್ಲಿ ಕೊಂಗ್‌ಗುಕ್ಸು ಎಂಬ ತಣ್ಣನೆಯ ಸೋಯಾ ಹಾಲಿನ ಶಾವಿಗೆ, ಚಳಿಗಾಲದಲ್ಲಿ ಕುಂಬಳಕಾಯಿ ಗಂಜಿ, ಈ ಎರಡನ್ನು ಹೋಟೆಲಿನಲ್ಲಿ ತಿನ್ನುತ್ತೇನೆ.

ಆಂದೊಂಗ್‌ನ ಹೆಸರುವಾಸಿ ತಿನಿಸುಗಳು ನಮಗಲ್ಲ: ಚಿಮ್‌ದಾಕ್ ಎಂಬ ಕೋಳಿ ಪಲ್ಯ, ಉಪ್ಪು ಹಾಕಿದ ಬಂಗುಡೆ. ಆಂದೊಂಗ್ ಶಿಖ್ಯೆ ಮಾತ್ರ ಕುಡಿದು ನೋಡಿ. ಬೇರೆ ಕಡೆ ಶಿಖ್ಯೆ ಎಂದರೆ ಬಿಳಿಯ ಸಿಹಿ ಅಕ್ಕಿ ಪಾನಕ. ಇಲ್ಲಿ ಅದಕ್ಕೆ ಮೂಲಂಗಿ, ಶುಂಠಿ, ಮೆಣಸಿನ ಪುಡಿ ಬಿದ್ದು ಕೆಂಪಗಿರುತ್ತದೆ.

ಕೊರಿಯನ್ ಭಾಷೆ ಬರಲೇಬೇಕೇ?

ಕೆಲಸಕ್ಕೆ ಬೇಡ, ಬಾಳುವೆಗೆ ಬೇಕು. ಸಣ್ಣ ಊರಿಗೆ ಬರುವವರಿಗೆ ನಾನು ಹೇಳುವುದು ಇದೊಂದನ್ನೇ. ಭಾಷೆ ಕಲಿಯುವ ಮನಸ್ಸಿಲ್ಲದಿದ್ದರೆ ಇಲ್ಲಿ ಎರಡು ವರ್ಷ ಗಾಜಿನ ಹಿಂದೆ ನಿಂತಂತಿರುತ್ತದೆ.

ಕನ್ನಡದವರಿಗೆ ಅನುಕೂಲ ಬೇಕಾದಷ್ಟಿದೆ. ವಾಕ್ಯದ ಕ್ರಮ ನಮ್ಮದೇ, ಕ್ರಿಯಾಪದ ಕೊನೆಗೆ. ವಿಭಕ್ತಿ ನಾಮಪದಕ್ಕೆ ಅಂಟಿಕೊಳ್ಳುತ್ತದೆ. "ನಾನು ಶಾಲೆಗೆ ಹೋಗುತ್ತೇನೆ" ಅನ್ನುವುದು "ನಾನನ್ ಹಕ್‌ಗ್ಯೊ-ಎ ಗಾಯೊ". ಪದಕ್ಕೆ ಪದ ಇಟ್ಟರೆ ಮುಗಿಯಿತು, ಅಮೆರಿಕದ ನನ್ನ ಸಹೋದ್ಯೋಗಿ ಇದಕ್ಕೇ ವರ್ಷಗಟ್ಟಲೆ ಗುದ್ದಾಡುತ್ತಾನೆ. ಅಪ್ಪನಿಗೆ ಮಕ್ಕಳು "ಅಪ್ಪಾ" ಎಂದೇ ಕರೆಯುತ್ತಾರೆ. ಭಾಷಾವಿಜ್ಞಾನಿಗಳು ಇದನ್ನು ನಂಟೆಂದು ಒಪ್ಪುವುದಿಲ್ಲ, ನಾನೂ ಆ ವಾದಕ್ಕೆ ಹೋಗುವುದಿಲ್ಲ. ಕಲಿಯುವವರಿಗೆ ಸಲೀಸು, ಅಷ್ಟು ಸಾಕು. ನೀನು, ನೀವು ಎಂಬ ಭೇದ ನಮಗೆ ರಕ್ತದಲ್ಲಿದೆ, ಆದ್ದರಿಂದ ಇಲ್ಲಿಯ ಗೌರವದ ಮೆಟ್ಟಿಲುಗಳೂ ಅರ್ಥವಾಗುತ್ತವೆ. ಕ, ಖ ಬೇರೆ ಮಾಡಬಲ್ಲ ಕಿವಿ ಇರುವುದರಿಂದ ಅವರ ಅಲ್ಪಪ್ರಾಣ, ಮಹಾಪ್ರಾಣವೂ ಹಿಡಿಯುತ್ತದೆ. ಮೂರನೆಯ ಬಿಗಿ ಧ್ವನಿ ನಮ್ಮ "ಅಕ್ಕ" ಪದದ ಒತ್ತಿನ ಹಾಗೆ.

ಲಿಪಿಗೆ ಒಂದು ವಾರ ಸಾಕು. ಈಗ ಬಳಕೆಯಲ್ಲಿರುವುದು 24 ಮೂಲ ಅಕ್ಷರ. ನಮ್ಮ ಗುಣಿತಾಕ್ಷರದ ಹಾಗೆ ವ್ಯಂಜನ, ಸ್ವರ ಕೂಡಿ ಒಂದು ಕಟ್ಟಾಗುತ್ತವೆ. ಸೆಜೊಂಗ್ ರಾಜ 1446ರಲ್ಲಿ ಈ ಲಿಪಿಯನ್ನು ಪ್ರಕಟಿಸಿದಾಗ ಅಕ್ಷರಗಳನ್ನು ಯಾಕೆ ಹೀಗೆ ರೂಪಿಸಿದರು ಎಂದು ವಿವರಿಸುವ ಪುಸ್ತಕವೊಂದನ್ನು ಅಚ್ಚು ಹಾಕಿಸಿದ್ದರು. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಅದರ ಪ್ರತಿ 1940ರಲ್ಲಿ ಸಿಕ್ಕಿದ್ದು ಇದೇ ಆಂದೊಂಗ್‌ನಲ್ಲಿ. ಹಂಗುಲ್ ಎಂಬ ಈ ಲಿಪಿ ಓದಲು ಕಲಿಯಲು ಇದಕ್ಕಿಂತ ತಕ್ಕ ಊರು ಯಾವುದಿದೆ?

ಪುಸ್ತಕದ ಭಾಷೆ ಕಲಿತು ಸಂತೆಗೆ ಹೋದರೆ ಅಜ್ಜಿಯರ ಮಾತು ಬೇರೆಯೇ. ಸೋಲ್‌ನ "ಆನ್‌ಯೊಂಗ್‌ಹಾಸೆಯೊ" ಇಲ್ಲಿಯ ಹಿರಿಯರ ಬಾಯಲ್ಲಿ "ಆನ್‌ಯೊಂಗ್‌ಹಾಸಿನಿಕ್ಯೊ" ಆಗುತ್ತದೆ. ಬೆಂಗಳೂರಿಗೆ ಹೋದಾಗ ನನ್ನ "ಬರ್ರಿ, ಕೂಡ್ರಿ" ಕೇಳಿ ಜನ ತಿರುಗಿ ನೋಡುತ್ತಿದ್ದರಲ್ಲ, ಆ ನೆನಪಿನಿಂದಲೋ ಏನೋ, ಈ "ಕ್ಯೊ" ನನಗೆ ತುಂಬ ಹತ್ತಿರ. ತರಕಾರಿ ಮಾರುವ ಅಜ್ಜಿಗೆ ಒಮ್ಮೆ ಹಾಗೆಯೇ ನಮಸ್ಕಾರ ಹೇಳಿದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ಅಂದಿನಿಂದ ಚೀಲಕ್ಕೆ ಒಂದು ಹಿಡಿ ಸೊಪ್ಪು ಹೆಚ್ಚಿಗೆ ಬೀಳುತ್ತದೆ.

ಪಾಠ ಎಲ್ಲಿ ಸಿಗುತ್ತದೆ ಎಂದರೆ, ಊರಿನ ಕುಟುಂಬ ಕೇಂದ್ರದಲ್ಲಿ ವಿದೇಶಿಯರಿಗೆ ಉಚಿತ ತರಗತಿ ನಡೆಯುತ್ತದೆ. ನ್ಯಾಯ ಸಚಿವಾಲಯದ ಸಾಮಾಜಿಕ ಏಕೀಕರಣ ಕಾರ್ಯಕ್ರಮವೂ ಇದೆ, ಅದರ ಹಂತಗಳನ್ನು ಮುಗಿಸಿದರೆ ಮುಂದೆ ದೀರ್ಘ ವಾಸದ ವೀಸಾಕ್ಕೂ ನೆರವು.

ಚಳಿ ತಡೆಯಬಹುದೇ? ಮನೆ ಹೇಗಿರುತ್ತದೆ?

ಜನವರಿಯ ರಾತ್ರಿ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಹೋಗುವುದು ಇಲ್ಲಿ ಮಾಮೂಲು. ಆದರೆ ಮನೆಯೊಳಗೆ ಬೆಚ್ಚಗಿರುತ್ತದೆ. ಒಂದೊಲ್ ಎಂಬ ವ್ಯವಸ್ಥೆ: ನೆಲದಡಿಯ ಕೊಳವೆಗಳಲ್ಲಿ ಬಿಸಿನೀರು ಹರಿದು ನೆಲವೇ ಕಾಯುತ್ತದೆ. ನೆಲದ ಮೇಲೆ ಕೂತು ಉಣ್ಣುವ, ನೆಲದ ಮೇಲೆ ಮಲಗುವ ನಮಗೆ ಹೊಂದಿಕೊಳ್ಳಲು ಒಂದು ದಿನವೂ ಬೇಡ. ಇಡ್ಲಿ ಹಿಟ್ಟಿನ ಪಾತ್ರೆಯನ್ನು ರಾತ್ರಿ ನೆಲದ ಮೇಲಿಟ್ಟು ಟವೆಲ್ ಮುಚ್ಚಿದರೆ ಬೆಳಿಗ್ಗೆ ಚೆನ್ನಾಗಿ ಉಬ್ಬಿರುತ್ತದೆ, ಹೊರಗೆ ಹಿಮ ಬೀಳುತ್ತಿದ್ದರೂ.

ಚಳಿಗಾಲದಲ್ಲಿ ಊರಿಗೆ ಹೋಗುವಾಗ ಬಾಯ್ಲರ್ ಪೂರ್ತಿ ಆರಿಸಬೇಡಿ. "ಒಎಚುಲ್" ಎಂಬ ಗುಂಡಿ ಇರುತ್ತದೆ, ಹೊರಗೆ ಹೋಗಿದ್ದೇವೆ ಎಂದರ್ಥ. ಅದನ್ನು ಒತ್ತಿ, ನಲ್ಲಿಯಿಂದ ಸಣ್ಣಗೆ ನೀರು ತೊಟ್ಟಿಕ್ಕಲು ಬಿಟ್ಟು ಹೋಗಿ. ಮೊದಲ ವರ್ಷ ಗ್ಯಾಸ್ ಉಳಿಸುವ ಯೋಚನೆಯಲ್ಲಿ ಎಲ್ಲ ಆರಿಸಿ ಹೋದೆ. ಮರಳಿದಾಗ ಕೊಳವೆ ಹೆಪ್ಪುಗಟ್ಟಿ ಮೂರು ದಿನ ನೀರಿಲ್ಲ.

ಜೂನ್ ಕೊನೆಯಿಂದ ಜುಲೈವರೆಗೆ ಮಳೆ. ಆಮೇಲಿನ ಸೆಕೆ ಮಂಗಳೂರಿನದ್ದನ್ನು ನೆನಪಿಸುತ್ತದೆ. ವಸಂತದಲ್ಲಿ ಧೂಳು, ಮಾಸ್ಕ್ ಇಟ್ಟುಕೊಳ್ಳಿ.

ಕಸದ ನಿಯಮ ಅಷ್ಟು ಕಷ್ಟವೇ?

ಕಷ್ಟವಲ್ಲ, ಕಟ್ಟುನಿಟ್ಟು. 1995ರಿಂದ ದೇಶದಾದ್ಯಂತ ಕಸಕ್ಕೆ ಹಣ ಕೊಟ್ಟು ಕೊಂಡ ಚೀಲವನ್ನೇ ಬಳಸಬೇಕು. ಒಂದೊಂದು ಊರಿನದ್ದು ಒಂದೊಂದು ಚೀಲ, ದೇಗು ನಗರದ ಚೀಲ ಇಲ್ಲಿ ನಡೆಯುವುದಿಲ್ಲ. ಆಹಾರದ ಕಸ ಪ್ರತ್ಯೇಕ, ಪ್ಲಾಸ್ಟಿಕ್, ಗಾಜು, ಕಾಗದ ಪ್ರತ್ಯೇಕ. ತಪ್ಪಿದರೆ ಕೆಳಮನೆಯ ಅಜ್ಜಿ ಚೀಲವನ್ನು ನಿಮ್ಮ ಬಾಗಿಲಿಗೇ ತಂದಿಡುತ್ತಾರೆ. ಊರಿನಲ್ಲಿ ಭಾರತೀಯ ಟೀಚರ್ ಎಷ್ಟು ಜನ ಇದ್ದಾರೆ ಹೇಳಿ, ಯಾರ ಚೀಲ ಎಂದು ಹುಡುಕುವ ಅಗತ್ಯವೇ ಅವರಿಗಿಲ್ಲ.

ಒಬ್ಬಳೇ ಹೆಣ್ಣು, ಅದೂ ಭಾರತೀಯಳು. ಜನ ಹೇಗೆ ನೋಡುತ್ತಾರೆ?

ರಾತ್ರಿ ಹನ್ನೊಂದಕ್ಕೆ ನದಿ ದಂಡೆಯಲ್ಲಿ ಒಬ್ಬಳೇ ನಡೆಯುತ್ತೇನೆ, ಹೆದರಿಕೆ ಆಗಿಲ್ಲ. ಈ ನಿರಾಳತೆ ನನಗೆ ಎಷ್ಟು ದೊಡ್ಡದು ಎಂದು ಊರಿನ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನೋಡುವುದು ಮಾತ್ರ ನೋಡುತ್ತಾರೆ. ಬಸ್ಸಿನಲ್ಲಿ ಮಕ್ಕಳು ಕಣ್ಣು ಕೀಳದೆ ನೋಡುತ್ತವೆ, ಹಿರಿಯರು ನೇರವಾಗಿ ವಯಸ್ಸು, ಮದುವೆ, ಸಂಬಳ ಕೇಳುತ್ತಾರೆ. ನಮ್ಮ ಬಸ್‌ಸ್ಟ್ಯಾಂಡಿನಲ್ಲೂ ಕೇಳುತ್ತಾರಲ್ಲವೇ, ಅದರಿಂದ ನೋವಾಗದು. ನೋವಾದದ್ದು ಬೇರೆ ಕಡೆ. ಬಂದ ಹೊಸದರಲ್ಲಿ ಪೋಷಕರೊಬ್ಬರು "ಅಮೆರಿಕದವರು ಸಿಗಲಿಲ್ಲವೇ" ಎಂದು ಶಾಲೆಗೆ ಫೋನ್ ಮಾಡಿದ್ದರು. ಇಂಗ್ಲಿಷ್ ಎಂದರೆ ಬಿಳಿ ಮುಖ ಎಂಬ ನಂಬಿಕೆ ಇಲ್ಲಿ ಇನ್ನೂ ಇದೆ, ಅದನ್ನು ಮುಚ್ಚಿಟ್ಟು ನಿಮ್ಮನ್ನು ಕರೆಯಲಾರೆ. ನಾನು ಅದಕ್ಕೆ ವಾದ ಮಾಡಲಿಲ್ಲ. ವರ್ಷದ ಕೊನೆಯ ತೆರೆದ ತರಗತಿಗೆ ಆ ಪೋಷಕರೂ ಬಂದು ಹಿಂದಿನ ಬೆಂಚಿನಲ್ಲಿ ಕೂತರು, ಅವರ ಮಗ ಎದ್ದು ನಿಂತು ನನ್ನ ಜೊತೆ ಐದು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿದ. ಇನ್ನೊಂದು ಭಾಷೆಯಾಗಿ ಇಂಗ್ಲಿಷ್ ಕಲಿತವರಿಗೆ ಕಲಿಯುವವನ ಕಾಲು ಎಲ್ಲಿ ಜಾರುತ್ತದೆ ಎಂದು ಗೊತ್ತಿರುತ್ತದೆ. ಅದು ನಮ್ಮ ಬಂಡವಾಳ.

ಆರೋಗ್ಯ ಕೆಟ್ಟರೆ?

ಉದ್ಯೋಗಿಗಳಿಗೆ ರಾಷ್ಟ್ರೀಯ ಆರೋಗ್ಯ ವಿಮೆ ಕಡ್ಡಾಯ, ಕಂತಿನ ಅರ್ಧ ಉದ್ಯೋಗದಾತರದ್ದು. ಜ್ವರ, ನೆಗಡಿಗೆ ಪೇಟೆಯ ಸಣ್ಣ ಕ್ಲಿನಿಕ್‌ಗಳು ಅಗ್ಗ, ಚುರುಕು. ಆಂಬ್ಯುಲೆನ್ಸ್ ಮತ್ತು ಅಗ್ನಿಶಾಮಕಕ್ಕೆ 119, ಪೊಲೀಸರಿಗೆ 112.

ಭೂಕಂಪ, ಬೆಂಕಿ, ಪ್ರವಾಹ ಇತ್ಯಾದಿ?

2025ರ ಮಾರ್ಚ್ 22ರಂದು ಪಕ್ಕದ ಉಯ್‌ಸೊಂಗ್‌ನಲ್ಲಿ ಕಾಡಿಗೆ ಬಿದ್ದ ಬೆಂಕಿ ಗಾಳಿಯ ಜೊತೆ ಆಂದೊಂಗ್‌ಗೆ ನುಗ್ಗಿತು, ಇಲ್ಲಿಂದ ಪೂರ್ವದ ಸಮುದ್ರದಂಚಿನ ಯೊಂಗ್‌ದೊಕ್‌ವರೆಗೂ ಹೋಯಿತು. 25ರ ಸಂಜೆ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿ, ಎಲ್ಲರ ಫೋನ್ ಒಟ್ಟಿಗೆ ಕಿರುಚಲು ಶುರುವಾಯಿತು. ಸರ್ಕಾರದ ತುರ್ತು ಸಂದೇಶಗಳು ಕೊರಿಯನ್‌ನಲ್ಲಿ, ಹಳ್ಳಿಗಳ ಹೆಸರು, ಸ್ಥಳಾಂತರದ ಜಾಗದ ಹೆಸರು ಸಮೇತ, ಒಂದರ ಹಿಂದೆ ಒಂದು. "ದೆಪಿ" ಎಂದರೆ ಜಾಗ ಬಿಟ್ಟು ಹೊರಡಿ. ಆ ಪದ ನನಗೆ ಗೊತ್ತಿತ್ತು. ಆಗಷ್ಟೇ ಬಂದಿದ್ದ ಇನ್ನೊಬ್ಬ ವಿದೇಶಿ ಟೀಚರ್‌ಗೆ ಗೊತ್ತಿರಲಿಲ್ಲ, ಅವಳು ಮಾಮೂಲಿ ಧೂಳಿನ ಎಚ್ಚರಿಕೆ ಎಂದುಕೊಂಡು ಕಿಟಕಿ ಹಾಕಿ ಕೂತಿದ್ದಳು. ಇಬ್ಬರೂ ಸೇರಿ ಶಾಲೆಯ ಜಿಮ್‌ಗೆ ಹೋದೆವು. ಅಲ್ಲಿ ಗುಡ್ಡದ ಹಳ್ಳಿಗಳ ಅಜ್ಜ ಅಜ್ಜಿಯರು ಔಷಧಿಯ ಚೀಲವೊಂದನ್ನೇ ಹಿಡಿದು ಕೂತಿದ್ದರು.

ಇಂಗ್ಲಿಷಿನಲ್ಲಿ ಎಚ್ಚರಿಕೆ ತೋರಿಸುವ ಸರ್ಕಾರಿ ಆ್ಯಪ್ ಇದೆ, ಬಂದ ದಿನವೇ ಹಾಕಿಕೊಳ್ಳಿ. ಜೊತೆಗೆ ನಿಮ್ಮ ವಾರ್ಡಿನ ಹೆಸರು, ಪಕ್ಕದ ನಾಲ್ಕು ಹಳ್ಳಿಗಳ ಹೆಸರನ್ನು ಹಂಗುಲ್‌ನಲ್ಲಿ ಗುರುತಿಸಲು ಕಲಿಯಿರಿ.

ಒಂಟಿತನ ಕಾಡುವುದಿಲ್ಲವೇ?

ಕಾಡುತ್ತದೆ. ಅದರಲ್ಲೂ ಸೊಲ್ಲಾಲ್ ಎಂಬ ಚಾಂದ್ರಮಾನ ಹೊಸ ವರ್ಷ ಮತ್ತು ಚುಸೊಕ್ ಎಂಬ ಸುಗ್ಗಿ ಹಬ್ಬದ ದಿನ. ಊರು ಊರೇ ಮನೆಯೊಳಗೆ ಸೇರಿಕೊಂಡು ಬೀದಿ ಖಾಲಿಯಾಗುತ್ತದೆ, ಅಂಗಡಿ ಮುಚ್ಚಿರುತ್ತವೆ. ಹಿಂದಿನ ದಿನವೇ ಹಾಲು, ತರಕಾರಿ ತಂದಿಟ್ಟುಕೊಳ್ಳಿ. ಆಂದೊಂಗ್ ಕನ್‌ಫ್ಯೂಷಿಯಸ್ ಪರಂಪರೆಯ ಊರು, ಪಿತೃಪೂಜೆಯನ್ನು ಇಂದಿಗೂ ಬಹಳ ನಿಷ್ಠೆಯಿಂದ ಮಾಡುವ ಮನೆಗಳಿವೆ. ಎರಡನೇ ವರ್ಷದ ಚುಸೊಕ್‌ಗೆ ಸಹಶಿಕ್ಷಕಿ ತನ್ನ ಅತ್ತೆಯ ಮನೆಗೆ ಕರೆದಳು. ಎಡೆಯಲ್ಲಿ ಯಾವ ಹಣ್ಣು ಯಾವ ದಿಕ್ಕಿಗೆ ಎಂದು ಮಾವ ಕೈಯಾರೆ ಸರಿಮಾಡುತ್ತಿದ್ದರು. ನಮ್ಮ ಮಹಾಲಯ ಅಮಾವಾಸ್ಯೆಯಲ್ಲಿ ಅಜ್ಜ ಎಲೆಯ ತುದಿ ತಿರುಗಿಸುತ್ತಿದ್ದದ್ದು ನೆನಪಾಗಿ ನನಗೆ ಅಲ್ಲಿ ಪರಕೀಯಳು ಅನ್ನಿಸಲಿಲ್ಲ. ಅಕ್ಕಿ ಹಿಟ್ಟಿನೊಳಗೆ ಎಳ್ಳು ತುಂಬಿ ಪೈನ್ ಎಲೆಯ ಮೇಲೆ ಹಬೆಯಲ್ಲಿ ಬೇಯಿಸುವ ಸೊಂಗ್‌ಪ್ಯೊನ್ ಮಾಡಲು ನನ್ನನ್ನೂ ಕೂರಿಸಿದರು. ಕಡುಬು ಮಾಡಿ ರೂಢಿ ಇದ್ದ ಕೈ, ಅಂಚು ಮುಚ್ಚುವುದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ.

ಇಲ್ಲಿಯ ಗಡಿಯಾರ ನಮಗಿಂತ ಮೂರೂವರೆ ತಾಸು ಮುಂದೆ. ನಾನು ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದರೆ ಅವ್ವ ಸಂಜೆಯ ಚಹಾ ಮುಗಿಸಿ ಕೂತಿರುತ್ತಾಳೆ. ಆ ಹೊತ್ತನ್ನು ಬಿಡಬೇಡಿ.

ವಾರಾಂತ್ಯಕ್ಕೆ ಏನಿದೆ?

ಸಿನಿಮಾ, ಕಾಫಿ ಅಂಗಡಿ ಎಲ್ಲ ಇವೆ. ನಾನು ಹೋಗುವುದು ಬೇರೆ ಕಡೆ. ನದಿ ಬಳಸಿ ಹರಿಯುವ ಹಾಹ್ವೆ ಹಳ್ಳಿ 2010ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ದೋಸಾನ್ ಮತ್ತು ಬ್ಯೊಂಗ್‌ಸಾನ್ ಎಂಬ ಎರಡು ಹಳೆಯ ವಿದ್ಯಾಲಯಗಳು 2019ರಲ್ಲಿ ಸೇರಿದವು. ದೋಸಾನ್‌ನಲ್ಲಿ ಪಾಠ ಹೇಳಿದ ಗುರು ಯಿ ಹ್ವಾಂಗ್ ಅವರ ಮುಖವನ್ನು ನೀವು ದಿನವೂ ನೋಡುತ್ತೀರಿ, ಸಾವಿರ ವೊನ್ ನೋಟಿನ ಮೇಲೆ. ಮೇಷ್ಟ್ರ ಚಿತ್ರ ನೋಟಿನ ಮೇಲಿರುವ ದೇಶದಲ್ಲಿ ಮೇಷ್ಟ್ರ ಕೆಲಸ ಮಾಡುವುದು ನನಗೆ ಹೆಮ್ಮೆ.

ನನಗೆ ಎಲ್ಲಕ್ಕಿಂತ ಇಷ್ಟ ವೊರ್ಯೊಂಗ್‌ಗ್ಯೊ ಸೇತುವೆ. ನದಿಗೆ ಅಡ್ಡಲಾಗಿ 387 ಮೀಟರ್ ಉದ್ದ, ನಡೆಯುವವರಿಗಷ್ಟೇ. 1998ರಲ್ಲಿ ಈ ಊರಿನ ಹಳೆಯ ಸಮಾಧಿಯೊಂದನ್ನು ಸ್ಥಳಾಂತರಿಸುವಾಗ ಅದರೊಳಗೆ ಒಂದು ಪತ್ರ ಸಿಕ್ಕಿತು. 1586ರಲ್ಲಿ ಸತ್ತ ಗಂಡನಿಗೆ ಬಸುರಿ ಹೆಂಡತಿ ಹಂಗುಲ್‌ನಲ್ಲಿ ಬರೆದದ್ದು. ಪಕ್ಕದಲ್ಲಿ ತನ್ನ ಕೂದಲನ್ನೂ ಸೆಣಬನ್ನೂ ಸೇರಿಸಿ ಹೆಣೆದ ಕಾಲಿನ ಜೋಡು. ಗಂಡ ಕಾಯಿಲೆಯಿಂದ ಎದ್ದು ಹಾಕಿಕೊಳ್ಳಲಿ ಎಂದು ಹೆಣೆದಿದ್ದಳೆಂದು ಹೇಳುತ್ತಾರೆ. ಆ ಜೋಡಿನ ನೆನಪಿಗೆ ಕಟ್ಟಿದ ಸೇತುವೆ ಇದು. ಹೆಂಗಸರು ತಮ್ಮ ಮನಸ್ಸನ್ನು ತಾವೇ ಬರೆಯಲು ಸಾಧ್ಯವಾದದ್ದು ಆ ಸರಳ ಲಿಪಿಯಿಂದ. ಆರನೇ ತರಗತಿಯ ಮಕ್ಕಳಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯುವ ಪಾಠವನ್ನು ಪ್ರತಿ ವರ್ಷ ಈ ಕಥೆಯಿಂದ ಶುರು ಮಾಡುತ್ತೇನೆ.

ಯಾರು ಬರಬಾರದು?

ಪ್ರತಿ ಶನಿವಾರ ಸೋಲ್‌ನಲ್ಲಿರಬೇಕು ಅನ್ನುವವರು. ಯಾರಿಗೂ ಗುರುತಾಗದೆ ಇರಲು ಬಯಸುವವರು. ಇಲ್ಲಿ ನೀವು ಎಷ್ಟು ಮೂಲಂಗಿ ಕೊಂಡಿರಿ ಎಂಬುದು ಮರುದಿನ ತರಗತಿಗೆ ಗೊತ್ತಿರುತ್ತದೆ. ಧಾರಾವಾಹಿಗಳಲ್ಲಿ ಕಂಡ ಕೊರಿಯಾವನ್ನು ಹುಡುಕಿ ಬರುವವರು ಮೊದಲ ತಿಂಗಳಲ್ಲೇ ಬೇಸರಪಡುತ್ತಾರೆ. ಹಳ್ಳಿಗೆ ದಿನಕ್ಕೆ ನಾಲ್ಕೇ ಬಸ್ಸು, ಕೊನೆಯದ್ದು ತಪ್ಪಿದರೆ ಟ್ಯಾಕ್ಸಿ.

ಬರುವಾಗ ಏನು ತರಬೇಕು?

ಪ್ರೆಶರ್ ಕುಕ್ಕರ್, ಮಿಕ್ಸಿ (ಇಲ್ಲಿ 220 ವೋಲ್ಟ್, ಪಿನ್ ಬೇರೆ), ಸಾರಿನ ಪುಡಿ, ಒಣಗಿಸಿದ ಕರಿಬೇವು. ಹಸಿ ಎಲೆ, ಹಣ್ಣು, ಮಣ್ಣಂಟಿದ ಬೇರು ತರಬೇಡಿ, ವಿಮಾನ ನಿಲ್ದಾಣದ ಸಸ್ಯ ತಪಾಸಣೆಯಲ್ಲಿ ಹಿಡಿಯುತ್ತಾರೆ. ಉಣ್ಣೆಯ ಬಟ್ಟೆ ಇಲ್ಲೇ ಕೊಳ್ಳಿ, ಬೆಂಗಳೂರಿನ ಸ್ವೆಟರ್ ಇಲ್ಲಿಯ ಅಕ್ಟೋಬರಿಗಷ್ಟೇ ಸಾಕು. ಶಾಲೆಯ ಸ್ಟಾಫ್‌ರೂಮಿಗೆ ಒಂದು ಡಬ್ಬಿ ಧಾರವಾಡ ಪೇಡ ತನ್ನಿ, ಒಬ್ಬೊಬ್ಬರಿಗೂ ಎರಡೂ ಕೈಯಿಂದ ಕೊಡಿ. ಮಕ್ಕಳಿಗೆ ನಿಮ್ಮ ಊರಿನ, ಮನೆಯ, ನೀವು ಓದಿದ ಶಾಲೆಯ ಫೋಟೊಗಳನ್ನು ಪ್ರಿಂಟ್ ಹಾಕಿಸಿ ತನ್ನಿ. ನನ್ನ 62 ಮಕ್ಕಳ ಸೆಕ್ಷನ್ ಫೋಟೊವನ್ನು ಆ ಹಳ್ಳಿ ಶಾಲೆಯ ಗೋಡೆಗೆ ಅಂಟಿಸಿದ್ದೇನೆ. ಮೂರನೇ ತರಗತಿಯ ಇಬ್ಬರೂ ಅದರ ಮುಂದೆ ನಿಂತು ಒಂದೊಂದೇ ಮುಖ ತೋರಿಸಿ ಹೆಸರು ಕೇಳುತ್ತಾರೆ. ಇಲ್ಲಿಯವರೆಗೆ ಮೂವತ್ತೆಂಟು ಹೆಸರು ಕಲಿತಿದ್ದಾರೆ.